ವಾಹನ ಚಾಲನೆಯಲ್ಲಿ ದೂರವಾಣಿ ಮತ್ತು ದಾರಿ ತೋರುವ ಯಂತ್ರಗಳು: ಒಂದು ಐತಿಹಾಸಿಕ ವಿವೇಚನೆ

೧. ವಿಷಯ ಪ್ರವೇಶ

ವಾಹನವನ್ನು ನಡೆಸುತ್ತಿರುವಾಗ ದೂರವಾಣಿಯನ್ನು ಕೈಯಲ್ಲಿ ಹಿಡಿದು ಮಾತನಾಡುವುದು ಅಪಾಯಕರವೆಂಬ ವಿಷಯದಲ್ಲಿ ಇಂದು ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅನೇಕ ದೇಶಗಳ ಕಾನೂನುಗಳು ಅದನ್ನು ಅಪರಾಧವೆಂದು ಸಾರಿವೆ. ಆದರೆ ಅದೇ ಮಾತನ್ನು ಕೈಯಲ್ಲಿ ಏನನ್ನೂ ಹಿಡಿಯದೆ, ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಿಂದಲೋ ಕಾರಿನೊಳಗಿನ ಸ್ಪೀಕರಿನಿಂದಲೋ ಆಡಿದರೆ ದೋಷವಿಲ್ಲವೆಂಬ ನಂಬಿಕೆಯೂ ಅಷ್ಟೇ ವ್ಯಾಪಕವಾಗಿದೆ. ಈ ವ್ಯವಸ್ಥೆಗೆ ರೂಢಿಯಲ್ಲಿರುವ ‘ಹ್ಯಾಂಡ್ಸ್‌ಫ್ರೀ’ ಎಂಬ ಹೆಸರಿನಲ್ಲಿಯೇ ಆ ನಂಬಿಕೆ ಅಡಗಿದೆ. ಕೈ ಬಿಡುವಾಯಿತು, ಆದುದರಿಂದ ಚಾಲಕನೂ ಬಿಡುವಾದನು ಎಂಬುದು ಅದರ ತಾತ್ಪರ್ಯ.

ಈ ನಂಬಿಕೆ ಎಲ್ಲಿಂದ ಬಂದಿತು, ಅದನ್ನು ಮೊದಲು ಪರೀಕ್ಷೆಗೆ ಒಡ್ಡಿದವರು ಯಾರು, ಪರೀಕ್ಷೆಯ ಫಲ ಪ್ರತಿಕೂಲವಾದ ಮೇಲೂ ಅದು ಕಾನೂನಿನಲ್ಲಿ ಹೇಗೆ ನೆಲೆಯೂರಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ದಾರಿ ತೋರುವ ಯಂತ್ರದ, ಎಂದರೆ ಈಗ ಎಲ್ಲರೂ ‘ಮ್ಯಾಪ್’ ಎಂದು ಕರೆಯುವ ಸಾಧನದ, ಚರಿತ್ರೆಯನ್ನೂ ಜೊತೆಯಲ್ಲಿಯೇ ನೋಡಬೇಕಾಗುತ್ತದೆ. ಏಕೆಂದರೆ ಈ ಎರಡು ಯಂತ್ರಗಳು ಬೇರೆ ಬೇರೆಯಾಗಿ ಹುಟ್ಟಿ ಬೆಳೆದು, ಕೊನೆಗೆ ಅಂಗೈಯಗಲದ ಒಂದೇ ಉಪಕರಣದಲ್ಲಿ ಕೂಡಿಕೊಂಡಿವೆ. ನಮಗೆ ತೋರುವಂತೆ ಈ ಚರಿತ್ರೆಯ ಸಾರಾಂಶ ಇದು: ಅಪಾಯದ ಒಂದು ಪಾಲು ಮನಸ್ಸಿನಲ್ಲಿದೆಯೆಂಬುದು ೧೯೬೯ರಷ್ಟು ಹಿಂದೆಯೇ ತಿಳಿದಿತ್ತು, ಆದರೆ ಕಾನೂನು ಕೈಯನ್ನೇ ಹಿಡಿಯಿತು, ಏಕೆಂದರೆ ರಸ್ತೆಯ ಬದಿಯಲ್ಲಿ ನಿಂತ ಪೋಲೀಸಿನವನ ಕಣ್ಣಿಗೆ ಕಾಣುವುದು ಕೈ ಮಾತ್ರ.

ಈ ವಿಷಯಕ್ಕೆ ಒಪ್ಪುವ ಹಳೆಯ ಮಾತೊಂದು ನಮ್ಮಲ್ಲಿದೆ. ಅದು ‘ಅವಧಾನ’. ಅಷ್ಟಾವಧಾನದ ಸಭೆಯಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯ ಮನಸ್ಸನ್ನು ಎಂಟು ಕಡೆಗೆ ಎಳೆಯುತ್ತಾರೆ. ಅವರಲ್ಲಿ ಒಬ್ಬನಿಗಂತೂ ಅಪ್ರಸ್ತುತ ಪ್ರಸಂಗವೇ ಕೆಲಸ. ಸಂಬಂಧವಿಲ್ಲದ ಪ್ರಶ್ನೆಗಳನ್ನು ನಡುನಡುವೆ ಎಸೆದು ಅವಧಾನಿಯ ಏಕಾಗ್ರತೆಯನ್ನು ಕದಲಿಸುವುದಕ್ಕಾಗಿಯೇ ಅವನನ್ನು ಅಲ್ಲಿ ಕೂಡಿಸಿರುತ್ತಾರೆ. ಅವಧಾನಿಯ ಕೈಯಲ್ಲಿ ಲೇಖನಿಯೂ ಇಲ್ಲ, ಕಾಗದವೂ ಇಲ್ಲ. ಕೈಗಳು ಸಂಪೂರ್ಣ ಬಿಡುವಾಗಿರುವಾಗಲೂ ಆ ಪರೀಕ್ಷೆ ಕಠಿನತಮವೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮೋಟಾರು ವಾಹನದ ಲೋಕ ಇದನ್ನು ಪ್ರಯೋಗಶಾಲೆಯ ಮೂಲಕ ಮತ್ತೆ ಕಲಿಯಬೇಕಾಯಿತು.

೨. ದೂರವಾಣಿಗೆ ಮುಂಚಿನ ಸಾಧನಗಳು

ಚಾಲಕನಿಗೆ ದಾರಿ ಹೇಳುವ ಯಂತ್ರವನ್ನು ಉಪಗ್ರಹಗಳ ಯುಗದ ಸೃಷ್ಟಿಯೆಂದು ಭಾವಿಸುವುದು ಸರಿಯಲ್ಲ. ೧೯೦೯ರ ಸುಮಾರಿಗೇ ಅಮೆರಿಕದಲ್ಲಿ ‘ಜೋನ್ಸ್ ಲೈವ್ ಮ್ಯಾಪ್’ ಎಂಬ ಸಾಧನ ಮಾರಾಟಕ್ಕೆ ಬಂದಿತ್ತು. ದಾರಿಯ ತಿರುವುಗಳನ್ನು ಕ್ರಮವಾಗಿ ಅಚ್ಚು ಹಾಕಿದ ದುಂಡನೆಯ ಕಾಗದದ ಬಿಲ್ಲೆಯೊಂದು, ಗಾಡಿಯ ಚಕ್ರ ಉರುಳಿದಷ್ಟೂ ತಂತಿಯ ಮೂಲಕ ತಾನೂ ತಿರುಗುತ್ತಿತ್ತು. ಸೂಚಿಯ ಕೆಳಗೆ ಆಯಾ ಮೈಲಿಯ ಸೂಚನೆ ಬಂದು ನಿಲ್ಲುತ್ತಿತ್ತು. ೧೯೩೦ರ ದಶಕದಲ್ಲಿ ಇಟಲಿಯ ‘ಇಟೆರ್ ಆವ್ಟೊ’ ಎಂಬ ಸಾಧನ ಇದೇ ತತ್ತ್ವವನ್ನು ಸುರುಳಿ ಭೂಪಟಕ್ಕೆ ಅನ್ವಯಿಸಿತು. ಇವೆರಡರ ದೋಷವೂ ಒಂದೇ. ಚಾಲಕನು ಸೂಚಿತ ಮಾರ್ಗವನ್ನು ಬಿಟ್ಟು ಒಮ್ಮೆ ಪಕ್ಕಕ್ಕೆ ತಿರುಗಿದನೆಂದರೆ ಯಂತ್ರಕ್ಕೆ ಅದು ತಿಳಿಯುತ್ತಿರಲಿಲ್ಲ. ಚಾಲಕನ ಕಣ್ಣು ರಸ್ತೆಯನ್ನು ಬಿಟ್ಟು ಕಾಗದದ ಕಡೆಗೆ ಹೋಗುವುದೂ ತಪ್ಪುತ್ತಿರಲಿಲ್ಲ.

ಕಿವಿಯ ಪ್ರಶ್ನೆ ಮೊದಲು ಎದ್ದುದು ರೇಡಿಯೋವಿನಿಂದ. ಗ್ಯಾಲ್ವಿನ್ ಸಂಸ್ಥೆಯು ೧೯೩೦ರಲ್ಲಿ ‘ಮೋಟರೋಲಾ’ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದಾಗ, ಸಂಗೀತವು ಚಾಲಕನನ್ನು ಮೈಮರೆಸುವುದೆಂಬ ಆಕ್ಷೇಪ ಹುಟ್ಟಿ, ಅಮೆರಿಕದ ಕೆಲವೆಡೆ ಅದನ್ನು ನಿಷೇಧಿಸುವ ಪ್ರಸ್ತಾಪಗಳೂ ಬಂದವು. ಕಾಲಕ್ರಮದಲ್ಲಿ ರೇಡಿಯೋ ಎಲ್ಲರಿಗೂ ಒಗ್ಗಿಹೋಯಿತು. ಈ ಪೂರ್ವನಿದರ್ಶನವು ಮುಂದೆ ದೂರವಾಣಿಯ ಪಕ್ಷದವರಿಗೆ ಒಂದು ವಾದವನ್ನು ಒದಗಿಸಿತು: ಅಂದು ರೇಡಿಯೋವಿಗೆ ಹೆದರಿದಂತೆ ಇಂದು ಇದಕ್ಕೂ ಹೆದರುತ್ತಿದ್ದಾರೆ ಎಂಬುದೇ ಆ ವಾದ. ರೇಡಿಯೋ ಉತ್ತರವನ್ನು ಕೇಳುವುದಿಲ್ಲ, ದೂರವಾಣಿ ಕೇಳುತ್ತದೆ ಎಂಬ ಭೇದವನ್ನು ಈ ವಾದ ಗಣನೆಗೆ ತೆಗೆದುಕೊಳ್ಳುವುದಿಲ್ಲ.

೩. ಕಾರಿಗೆ ದೂರವಾಣಿ ಬಂದುದು

ಸಾರ್ವಜನಿಕ ದೂರವಾಣಿ ಜಾಲಕ್ಕೆ ಸೇರಿದ ಮೊದಲ ಕಾರು ದೂರವಾಣಿ ಸೇವೆಯನ್ನು ಬೆಲ್ ಸಂಸ್ಥೆಗಳು ೧೯೪೬ರ ಜೂನ್ ೧೭ರಂದು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಆರಂಭಿಸಿದವು. ಉಪಕರಣದ ತೂಕ ಸುಮಾರು ೮೦ ಪೌಂಡು, ಎಂದರೆ ೩೬ ಕಿಲೋಗ್ರಾಂ. ಮಾತನಾಡುವಾಗ ಗುಂಡಿಯನ್ನು ಒತ್ತಿ ಹಿಡಿಯಬೇಕು, ಕೇಳುವಾಗ ಬಿಡಬೇಕು. ಕರೆಯನ್ನು ಜೋಡಿಸಲು ವಿನಿಮಯ ಕೇಂದ್ರದಲ್ಲಿ ಆಪರೇಟರು ಇರಬೇಕು. ಬ್ರಿಟನ್ನಿನಲ್ಲಿ ಅಂಚೆ ಇಲಾಖೆಯು ೧೯೫೯ರಲ್ಲಿ ದಕ್ಷಿಣ ಲ್ಯಾಂಕಾಷೈರಿನಲ್ಲಿಯೂ ೧೯೬೫ರಲ್ಲಿ ಲಂಡನ್ನಿನಲ್ಲಿಯೂ ಇಂತಹ ಸೇವೆಯನ್ನು ತೆರೆಯಿತು. ಇವನ್ನು ಬಳಸುತ್ತಿದ್ದವರು ಬೆರಳೆಣಿಕೆಯ ಶ್ರೀಮಂತರು ಮತ್ತು ವ್ಯಾಪಾರಸ್ಥರು.

ನಗರವನ್ನು ಚಿಕ್ಕ ಚಿಕ್ಕ ವಲಯಗಳಾಗಿ ವಿಂಗಡಿಸಿ, ಅದೇ ತರಂಗಾಂತರಗಳನ್ನು ದೂರದ ವಲಯಗಳಲ್ಲಿ ಮತ್ತೆ ಬಳಸುವ ‘ಸೆಲ್ಯುಲರ್’ ಪದ್ಧತಿ ಬಂದ ಮೇಲೆ ಸ್ಥಿತಿ ಬದಲಾಯಿತು. ಈ ಸೇವೆ ಟೋಕಿಯೋದಲ್ಲಿ ೧೯೭೯ರಲ್ಲಿಯೂ ಚಿಕಾಗೋದಲ್ಲಿ ೧೯೮೩ರಲ್ಲಿಯೂ ಆರಂಭವಾಯಿತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಕಾಲದ ದೂರವಾಣಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಅದು ಕಾರಿನದೇ ಅಂಗವಾಗಿತ್ತು. ಹೀಗಾಗಿ ಚಾಲನೆ ಮಾಡುತ್ತ ಮಾತನಾಡುವುದು ಆ ಸೇವೆಯ ದುರುಪಯೋಗವಾಗಿರದೆ ಅದರ ಮೂಲ ಉದ್ದೇಶವೇ ಆಗಿತ್ತು. ಮಾತನ್ನು ನಿಲ್ಲಿಸುವ ಪ್ರಶ್ನೆ ಇಲ್ಲದಿದ್ದುದರಿಂದ ಕೈಯನ್ನು ಬಿಡಿಸುವ ಪ್ರಶ್ನೆ ಮಾತ್ರ ಉಳಿಯಿತು. ಸ್ಪೀಕರು ಮತ್ತು ಮೈಕುಗಳನ್ನು ಕಾರಿನೊಳಗೆ ಅಳವಡಿಸಿದುದು ಇದರ ಫಲ. ಹ್ಯಾಂಡ್ಸ್‌ಫ್ರೀ ಸುರಕ್ಷಿತವೆಂಬ ಭಾವನೆ ಈ ಸನ್ನಿವೇಶದಿಂದ ಹುಟ್ಟಿತೇ ಹೊರತು ಯಾವ ಪರೀಕ್ಷೆಯಿಂದಲೂ ಅಲ್ಲ.

೪. ಮೊದಲ ಪರೀಕ್ಷೆಗಳು

ಪರೀಕ್ಷೆಗಳು ನಡೆದುದು ಇದಕ್ಕಿಂತ ಮುಂಚೆಯೇ ಎಂಬುದು ಈ ಚರಿತ್ರೆಯ ವಿಶೇಷ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಕೇಂಬ್ರಿಜ್ಜಿನಲ್ಲಿ ಅನ್ವಿತ ಮನಃಶಾಸ್ತ್ರದ ಒಂದು ಘಟಕವನ್ನು ಸ್ಥಾಪಿಸಿತು. ಒಂದೇ ವೇಳೆಗೆ ಹಲವು ದನಿಗಳನ್ನು ಕೇಳಬೇಕಾದ ಮನುಷ್ಯನು ಏನನ್ನು ಗ್ರಹಿಸುತ್ತಾನೆ, ಏನನ್ನು ಬಿಡುತ್ತಾನೆ ಎಂಬುದು ಆ ಘಟಕದವರು ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ಒಂದು. ಡೊನಾಲ್ಡ್ ಬ್ರಾಡ್‌ಬೆಂಟ್ ೧೯೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನಸ್ಸಿಗೆ ಒಳಬರುವ ದಾರಿ ಕಿರಿದಾದುದು, ಅದರ ಮೂಲಕ ಒಂದು ವೇಳೆಗೆ ಸಾಗುವ ವಿಷಯ ಮಿತವಾದುದು ಎಂಬ ಸಿದ್ಧಾಂತವನ್ನು ಮಂಡಿಸಿದನು. ಚಾಲಕನ ದೂರವಾಣಿಯ ಪ್ರಶ್ನೆಗೆ ಈ ಸಿದ್ಧಾಂತವೇ ಭೂಮಿಕೆ.

ಅದೇ ಘಟಕದ ಐವಾನ್ ಬ್ರೌನ್, ಟಿಕ್ನರ್ ಮತ್ತು ಸಿಮಂಡ್ಸ್ ಎಂಬ ಮೂವರು ೧೯೬೯ರಲ್ಲಿ ತಮ್ಮ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಇಪ್ಪತ್ತನಾಲ್ಕು ಮಂದಿ ಪುರುಷರು ಕಾರು ನಡೆಸುತ್ತ, ಎದುರಿಗೆ ಬರುವ ಸಂದುಗಳಲ್ಲಿ ಕಾರು ಹಿಡಿಸುವುದೇ ಇಲ್ಲವೇ ಎಂದು ನಿರ್ಣಯಿಸಬೇಕಾಗಿತ್ತು. ಕೆಲವು ಸಂದುಗಳು ಕಾರಿಗಿಂತ ಅಗಲವಾಗಿಯೂ ಕೆಲವು ಕಿರಿದಾಗಿಯೂ ಇದ್ದವು. ಅದೇ ವೇಳೆಯಲ್ಲಿ ದೂರವಾಣಿಯ ಮೂಲಕ ಚಿಕ್ಕ ವಾಕ್ಯಗಳನ್ನು ಕೇಳಿ, ಅವು ಸರಿಯೋ ತಪ್ಪೋ ಎಂಬುದನ್ನು ಬಾಯಿಂದ ಹೇಳಬೇಕಾಗಿತ್ತು. ಉಪಕರಣವನ್ನು ಕೈಯಲ್ಲಿ ಹಿಡಿಯುವ ಅಗತ್ಯವಿರಲಿಲ್ಲ. ಹೀಗಾಗಿ ಕಂಡುಬಂದ ದೋಷವನ್ನು ಕೈಯ ಮೇಲೆ ಹೊರಿಸಲು ಬರುವಂತಿರಲಿಲ್ಲ.

ಫಲಿತಾಂಶವನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. ಸ್ಟಿಯರಿಂಗ್ ತಿರುಗಿಸುವುದೇ ಮೊದಲಾದ, ಅಭ್ಯಾಸಬಲದಿಂದ ತಾನಾಗಿ ನಡೆಯುವ ಕ್ರಿಯೆಗಳು ಹೆಚ್ಚಾಗಿ ಕೆಡಲಿಲ್ಲ. ಚಾಲಕರು ವೇಗವನ್ನು ತಗ್ಗಿಸಿದರು. ಆದರೆ ಕಾರು ಹಿಡಿಸಲಾರದ ಸಂದನ್ನು ಹಿಡಿಸುವುದೆಂದು ತಪ್ಪಾಗಿ ಎಣಿಸುವುದು ಹೆಚ್ಚಾಯಿತು. ದೂರವಾಣಿಯ ಉತ್ತರಗಳೂ ತಡವಾದವು, ತಪ್ಪಿದವು. ಹಳೆಯ ರೂಢಿಯ ಕೆಲಸಗಳಿಗೆ ಮಾತಿನಿಂದ ಬಾಧೆ ಸ್ವಲ್ಪ, ಗ್ರಹಿಕೆ ಮತ್ತು ನಿರ್ಣಯಗಳಿಗೆ ಬಾಧೆ ಗಂಭೀರವಾಗಬಹುದು ಎಂಬುದು ಅವರ ತೀರ್ಮಾನ. ಚಾಲಕನು ತನ್ನ ದೋಷವನ್ನು ತಾನೇ ಅರಿಯದೆ ಹೋಗುವುದಕ್ಕೂ ಇದರಲ್ಲಿ ಕಾರಣ ದೊರೆಯುತ್ತದೆ. ಗಾಡಿ ನೆಟ್ಟಗೆ ಹೋಗುತ್ತಿದೆ, ಕೈಕಾಲು ತಮ್ಮ ಕೆಲಸವನ್ನು ಮಾಡುತ್ತಿವೆ. ಆದುದರಿಂದ ಎಲ್ಲವೂ ಸರಿಯಾಗಿದೆಯೆಂದು ಅವನು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಕೆಟ್ಟಿರುವುದು ನಿರ್ಣಯಶಕ್ತಿ, ಅದು ಕೆಟ್ಟಿತೆಂದು ತಿಳಿಯಬೇಕಾದುದೂ ಅದೇ ಶಕ್ತಿಯಿಂದ.

ಅಮೆರಿಕದಲ್ಲಿ ಜಾನ್ ಸೆಂಡರ್ಸ್ ಎಂಬ ವಿದ್ವಾಂಸನು ೧೯೬೭ರಲ್ಲಿ ಪ್ರಕಟಿಸಿದ ಪ್ರಯೋಗ ಕಣ್ಣಿಗೆ ಸಂಬಂಧಿಸಿದುದು. ಆಗಾಗ ತಾನಾಗಿ ಇಳಿದು ಕಣ್ಣನ್ನು ಮುಚ್ಚುವ ಮುಸುಕುಳ್ಳ ಶಿರಸ್ತ್ರಾಣವನ್ನು ಧರಿಸಿ, ನಿಜವಾದ ರಸ್ತೆಯ ಮೇಲೆಯೇ ಕಾರು ನಡೆಸಿ, ಎಷ್ಟು ಹೊತ್ತು ನೋಡದೆ ಹೋಗಬಹುದೆಂಬುದನ್ನು ಅಳೆದನು. ವೇಗ ಹೆಚ್ಚಿದಷ್ಟೂ, ದಾರಿ ತೊಡಕಾದಷ್ಟೂ ಆ ಅವಧಿ ಕಿರಿದಾಗುತ್ತಿತ್ತು. ಹೀಗೆ ೧೯೬೦ರ ದಶಕ ಮುಗಿಯುವ ವೇಳೆಗೆ ಕಣ್ಣಿನ ಅವಧಾನ, ಮನಸ್ಸಿನ ಅವಧಾನ ಎರಡನ್ನೂ ಅಳೆಯುವ ಮಾರ್ಗ ಸಿದ್ಧವಾಗಿತ್ತು. ಆಗ ಕಾರು ದೂರವಾಣಿ ಇನ್ನೂ ಕೆಲವರ ಸೊತ್ತು. ಸಮಸ್ಯೆ ಬೆಳೆಯುವ ಮುಂಚೆಯೇ ಅದರ ಜ್ಞಾನ ಹುಟ್ಟಿದ ಪ್ರಸಂಗಗಳು ಯಂತ್ರಗಳ ಚರಿತ್ರೆಯಲ್ಲಿ ವಿರಳ.

೫. ದಾರಿ ತೋರುವ ಯಂತ್ರದ ಬೆಳವಣಿಗೆ

ಇದೇ ಕಾಲದಲ್ಲಿ ದಾರಿ ತೋರುವ ಯಂತ್ರವೂ ಹೊಸ ರೂಪವನ್ನು ತಾಳಿತು. ಜನರಲ್ ಮೋಟಾರ್ಸ್ ಸಂಸ್ಥೆ ೧೯೬೬ರಲ್ಲಿ ರೂಪಿಸಿದ ‘ಡೇರ್’ ಎಂಬ ಪ್ರಾಯೋಗಿಕ ವ್ಯವಸ್ಥೆಯಲ್ಲಿ, ರಸ್ತೆಯಲ್ಲಿ ಹುಗಿದ ಅಯಸ್ಕಾಂತಗಳ ಮೇಲೆ ಕಾರು ಹಾದಾಗ ಮುಂದಿನ ತಿರುವಿನ ಸೂಚನೆ ಚಾಲಕನ ಎದುರಿಗೆ ಮೂಡುತ್ತಿತ್ತು. ರಸ್ತೆಗಳನ್ನೆಲ್ಲ ಅಗೆಯುವ ವೆಚ್ಚವನ್ನು ಯಾರೂ ಹೊರಲಾರದೆ ಆ ಮಾರ್ಗ ಮುಚ್ಚಿಹೋಯಿತು. ಜಪಾನಿನ ಹೋಂಡಾ ಸಂಸ್ಥೆ ೧೯೮೧ರಲ್ಲಿ ಹೊರತಂದ ‘ಎಲೆಕ್ಟ್ರೋ ಗೈರೋಕೇಟರ್’ ಗಾಡಿ ತಿರುಗಿದ ದಿಕ್ಕನ್ನೂ ಸಾಗಿದ ದೂರವನ್ನೂ ತಾನೇ ಲೆಕ್ಕ ಹಾಕಿ, ಪಾರದರ್ಶಕ ಹಾಳೆಯ ಭೂಪಟದ ಹಿಂದೆ ಒಂದು ಬೆಳಕಿನ ಚುಕ್ಕೆಯಾಗಿ ತೋರಿಸುತ್ತಿತ್ತು.

೧೯೮೫ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ‘ಈಟ್ಯಾಕ್’ ಯಂತ್ರದ ವಿಚಾರ ಸ್ವಾರಸ್ಯವಾದುದು. ಪೆಸಿಫಿಕ್ ದ್ವೀಪಗಳ ನಾವಿಕರ ಒಂದು ಪರಿಭಾಷೆಯಿಂದ ಅದರ ಹೆಸರು ಬಂದಿದೆ. ಆ ನಾವಿಕರ ಕಲ್ಪನೆಯಲ್ಲಿ ದೋಣಿ ನಿಂತಿರುತ್ತದೆ, ದ್ವೀಪಗಳು ಅದರ ಕಡೆಗೆ ಸಾಗಿ ಬರುತ್ತವೆ. ಅಂತೆಯೇ ಈ ಯಂತ್ರದ ತೆರೆಯ ಮೇಲೆ ಕಾರು ನಿಂತಿದ್ದು ಭೂಪಟವೇ ಸರಿಯುತ್ತಿತ್ತು. ಮುಂದಿರುವ ರಸ್ತೆ ಯಾವಾಗಲೂ ಮೇಲ್ಭಾಗದಲ್ಲಿ ಇರುತ್ತಿತ್ತು. ಭೂಪಟವನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳುವ ಶ್ರಮವನ್ನು ಇದು ಚಾಲಕನಿಗೆ ತಪ್ಪಿಸಿತು. ಇಂದಿನ ಮೊಬೈಲಿನ ಮ್ಯಾಪಿನಲ್ಲಿಯೂ ಈ ಕ್ರಮವೇ ಬಳಕೆಯಲ್ಲಿದೆ.

ಕಣ್ಣನ್ನು ಪೂರ್ತಿಯಾಗಿ ಬಿಡಿಸುವ ಪ್ರಯತ್ನ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಜೇಮ್ಸ್ ಡೇವಿಸ್ ಎಂಬ ಸಂಶೋಧಕನು ೧೯೮೯ರಲ್ಲಿ ಪೂರೈಸಿದ ಯಂತ್ರವು ಭೂಪಟವನ್ನೇ ತೋರಿಸದೆ, ತಿರುವು ಹತ್ತಿರವಾದಾಗ ಮಾತಿನಿಂದ ದಾರಿ ಹೇಳುತ್ತಿತ್ತು. ಗಣಕಯಂತ್ರವಿದ್ದುದು ಪ್ರಯೋಗಶಾಲೆಯಲ್ಲಿ, ಅದರ ದನಿ ಕಾರಿಗೆ ತಲುಪುತ್ತಿದ್ದುದು ಸೆಲ್ಯುಲರ್ ದೂರವಾಣಿಯ ಮೂಲಕ. ದೂರವಾಣಿಯೂ ದಾರಿ ತೋರುವ ಯಂತ್ರವೂ ಕೂಡಿದ ಆರಂಭದ ನಿದರ್ಶನಗಳಲ್ಲಿ ಇದೊಂದು.

ಉಪಗ್ರಹ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ೨೦೦೦ದ ಮೇ ತಿಂಗಳಿನಲ್ಲಿ ತೆಗೆದುಹಾಕಿದ ಮೇಲೆ, ಸಾಮಾನ್ಯರಿಗೆ ದೊರೆಯುವ ಸ್ಥಾನನಿರ್ಣಯದ ತಪ್ಪು ಸುಮಾರು ನೂರು ಮೀಟರುಗಳಿಂದ ಹತ್ತಿಪ್ಪತ್ತು ಮೀಟರುಗಳಿಗೆ ಇಳಿಯಿತು. ಯಾವ ಬೀದಿಯಲ್ಲಿದ್ದೇವೆಂಬುದನ್ನು ಯಂತ್ರವು ಖಚಿತವಾಗಿ ಹೇಳಬಲ್ಲದಾಯಿತು. ಅನಂತರದ ಹತ್ತು ವರ್ಷಗಳಲ್ಲಿ ಸ್ಮಾರ್ಟ್‌ಫೋನು ಇದೆಲ್ಲವನ್ನೂ ತನ್ನೊಳಗೆ ಸೇರಿಸಿಕೊಂಡಿತು.

ದಾರಿ ಹೇಳುವ ದನಿಗೂ ಸಂಭಾಷಣೆಗೂ ಇರುವ ಭೇದವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮೊದಲನೆಯದು ಚುಟುಕಾದುದು, ಉತ್ತರವನ್ನು ಬೇಡದು, ಚಾಲನೆಗೆ ಸಂಬಂಧಿಸಿದುದು. ಅದನ್ನು ಮೊದಲೇ ಸಿದ್ಧಪಡಿಸಿಕೊಂಡು ಕಿವಿಯಿಂದ ಕೇಳಿದರೆ ದಾರಿ ಹುಡುಕುವ ಕಳವಳ ಕಡಮೆಯಾಗುತ್ತದೆ. ಅಪಾಯ ಹುಟ್ಟುವುದು ಓಡುವ ಗಾಡಿಯಲ್ಲಿ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಒತ್ತುವಾಗ ಮತ್ತು ತೆರೆಯನ್ನು ದಿಟ್ಟಿಸುವಾಗ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಎರಡು ಸೆಕೆಂಡಿಗೆ ಗಾಡಿ ೩೩ ಮೀಟರು ಸಾಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು ೨೦೧೩ರಲ್ಲಿ ಕಾರು ತಯಾರಕರಿಗೆ ನೀಡಿದ ಐಚ್ಛಿಕ ಸೂತ್ರಗಳಲ್ಲಿ, ಒಂದು ನೋಟ ಎರಡು ಸೆಕೆಂಡನ್ನೂ ಒಂದು ಕೆಲಸದ ಒಟ್ಟು ನೋಟ ಹನ್ನೆರಡು ಸೆಕೆಂಡನ್ನೂ ಮೀರಬಾರದೆಂದು ಸೂಚಿಸಿದೆ. ಸೆಂಡರ್ಸನ ಮುಸುಕಿನ ವಿಧಾನದಿಂದ ಬೆಳೆದ ಪರೀಕ್ಷಾಕ್ರಮವೊಂದು ೨೦೦೭ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು.

೬. ಸಾಕ್ಷ್ಯ ಮತ್ತು ಪ್ರತಿಸಾಕ್ಷ್ಯ

೧೯೬೯ರ ತೀರ್ಮಾನಕ್ಕೆ ರಸ್ತೆಯ ಅಪಘಾತಗಳಿಂದಲೇ ಸಮರ್ಥನೆ ದೊರೆತುದು ೧೯೯೭ರಲ್ಲಿ. ಕೆನಡಾದ ಟೊರಾಂಟೊ ನಗರದ ರೆಡೆಲ್ಮಿಯರ್ ಮತ್ತು ಟಿಬ್ಶಿರಾನಿ ಎಂಬ ವಿದ್ವಾಂಸರು, ಡಿಕ್ಕಿಗೆ ಒಳಗಾದ ೬೯೯ ಮಂದಿ ಚಾಲಕರ ೨೬,೭೯೮ ಕರೆಗಳ ಬಿಲ್ಲು ದಾಖಲೆಗಳನ್ನು ಪರಿಶೀಲಿಸಿದರು. ಡಿಕ್ಕಿಯಾದ ಹೊತ್ತಿನ ಕರೆಗಳನ್ನು ಅದೇ ವ್ಯಕ್ತಿಯ ಹಿಂದಿನ ದಿನಗಳ ಅದೇ ಹೊತ್ತಿನ ಕರೆಗಳೊಡನೆ ಹೋಲಿಸಿದುದರಿಂದ, ಚಾಲಕನ ಸ್ವಭಾವಭೇದ ಲೆಕ್ಕವನ್ನು ಕೆಡಿಸುವಂತಿರಲಿಲ್ಲ. ಮಾತನಾಡುವಾಗ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ, ಹ್ಯಾಂಡ್ಸ್‌ಫ್ರೀ ಉಪಕರಣದಿಂದ ಯಾವ ಪ್ರಯೋಜನವೂ ಕಂಡುಬರಲಿಲ್ಲವೆಂದೂ ಅವರು ತಿಳಿಸಿದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ ೪೫೬ ಚಾಲಕರನ್ನು ಕುರಿತ ೨೦೦೫ರ ಅಧ್ಯಯನವೂ ಇದೇ ನಿರ್ಣಯಕ್ಕೆ ಬಂದಿತು.

ಯೂಟಾ ವಿಶ್ವವಿದ್ಯಾನಿಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವನ ಸಹೋದ್ಯೋಗಿಗಳು ೨೦೦೧ರಿಂದ ನಡೆಸಿದ ಪ್ರಯೋಗಗಳು ಇದರ ಕಾರಣವನ್ನು ಬಿಡಿಸಿ ತೋರಿಸಿದವು. ರೇಡಿಯೋ ಕೇಳುವುದರಿಂದ ಕಾಣದ ದೋಷ ಸಂಭಾಷಣೆಯಿಂದ ಕಂಡುಬಂದಿತು. ಮಾತಿನಲ್ಲಿ ತೊಡಗಿದವರು ತಮ್ಮ ದೃಷ್ಟಿ ನೇರವಾಗಿ ಬಿದ್ದ ವಸ್ತುಗಳನ್ನೂ ಅನಂತರ ಗುರುತಿಸಲಾರದೆ ಹೋದರು. ನೋಡಿದರು, ಆದರೆ ಕಾಣಲಿಲ್ಲ. ಇದೇ ತಂಡ ೨೦೧೫ರಲ್ಲಿ ಪ್ರಕಟಿಸಿದಂತೆ, ದನಿಯಿಂದ ನಡೆಸುವ ಕೆಲವು ವ್ಯವಸ್ಥೆಗಳಲ್ಲಿ ಕೆಲಸ ಮುಗಿದ ಮೇಲೆಯೂ ೨೭ ಸೆಕೆಂಡುಗಳವರೆಗೆ ಮನಸ್ಸಿನ ಹೊರೆ ಉಳಿಯಬಹುದು. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ ೩೦೦ ಮೀಟರು ದಾಟಿರುತ್ತದೆ.

ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಬಹುದಾದರೆ ದೂರದಲ್ಲಿರುವವರೊಡನೆ ಏಕೆ ಬಾರದು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ೨೦೦೮ರ ಒಂದು ಪ್ರಯೋಗದಲ್ಲಿ ಉತ್ತರವಿದೆ. ಹೆದ್ದಾರಿಯ ಒಂದು ನಿಗದಿಯಾದ ಸ್ಥಳದಲ್ಲಿ ಹೊರಕ್ಕೆ ತಿರುಗಬೇಕೆಂದು ಹೇಳಿದಾಗ, ದೂರವಾಣಿಯಲ್ಲಿದ್ದವರು ಅದನ್ನು ಮರೆತು ಮುಂದೆ ಹೋದುದು ಹೆಚ್ಚು. ಪಕ್ಕದ ಪ್ರಯಾಣಿಕನು ದಾರಿಯನ್ನು ತಾನೂ ನೋಡುತ್ತಾನೆ. ಸಂಚಾರ ಬಿರುಸಾದರೆ ಮಾತನ್ನು ನಿಲ್ಲಿಸುತ್ತಾನೆ ಅಥವಾ ಅದರ ವಿಷಯವನ್ನೇ ಎತ್ತುತ್ತಾನೆ. ನಮ್ಮ ಬಸ್ಸು ಲಾರಿಗಳ ಪ್ರಪಂಚದಲ್ಲಿ ಇದು ಬಹಳ ಹಿಂದಿನಿಂದ ಒಂದು ಕಸುಬಾಗಿಯೇ ಬೆಳೆದಿದೆ. ಕಂಡಕ್ಟರನ ‘ರೈಟ್’, ‘ಹೋಲ್ಡಾನ್’ ಎಂಬ ಕೂಗುಗಳೂ, ಲಾರಿಯ ಎಡಬದಿಯಲ್ಲಿ ಕುಳಿತ ಕ್ಲೀನರು ಬಾಗಿಲಿನ ತಗಡನ್ನು ತಟ್ಟಿ ಕೊಡುವ ಎಚ್ಚರಿಕೆಯೂ ರಸ್ತೆಯನ್ನು ಕಂಡವರ ಮಾತು. ದೂರವಾಣಿಯ ಆ ತುದಿಯಲ್ಲಿರುವವನಿಗೆ ಈ ಕಣ್ಣಿಲ್ಲ.

ಪ್ರತಿಸಾಕ್ಷ್ಯವನ್ನು ಮರೆಮಾಚುವುದು ನ್ಯಾಯವಲ್ಲ. ವಾಹನಗಳಲ್ಲಿ ಕ್ಯಾಮರಾಗಳನ್ನು ಅಳವಡಿಸಿ ದಿನನಿತ್ಯದ ಚಾಲನೆಯನ್ನು ಪರಿಶೀಲಿಸಿದ ವರ್ಜೀನಿಯಾದ ಸಂಶೋಧಕರು, ೨೦೧೩ರ ವರದಿಯಲ್ಲಿ, ಮಾತಿನಿಂದ ಮಾತ್ರವೇ ಅಪಾಯ ಹೆಚ್ಚಿದಂತೆ ಕಾಣಲಿಲ್ಲವೆಂದೂ, ಫೋನನ್ನು ಹುಡುಕುವುದು, ಸಂಖ್ಯೆ ಒತ್ತುವುದು, ಸಂದೇಶ ಬರೆಯುವುದು ಇವುಗಳಿಂದ ಹೆಚ್ಚಿತೆಂದೂ ತಿಳಿಸಿದರು. ಹ್ಯಾಂಡ್ಸ್‌ಫ್ರೀ ಬಳಸುವವರೂ ಫೋನಿಗೆ ಪದೇ ಪದೇ ಕೈಹಾಕುತ್ತಿದ್ದರೆಂಬುದನ್ನು ಅವರೇ ಗಮನಿಸಿದ್ದಾರೆ. ಈ ಎರಡು ಪಂಥಗಳನ್ನು ಸಮನ್ವಯಗೊಳಿಸುವುದು ಅಸಾಧ್ಯವೇನಲ್ಲ. ಸ್ವತಂತ್ರನಾದ ಚಾಲಕನು ರಸ್ತೆ ಸರಳವಾಗಿರುವ ಹೊತ್ತನ್ನು ಆರಿಸಿಕೊಂಡು ಮಾತನಾಡುತ್ತಾನೆ, ವೇಗವನ್ನು ತಗ್ಗಿಸುತ್ತಾನೆ. ಪ್ರಯೋಗಶಾಲೆಯಲ್ಲಿ ಈ ಆಯ್ಕೆ ಅವನಿಗಿಲ್ಲ. ಆದುದರಿಂದ ಮಾತಿನ ಅಪಾಯ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿಲ್ಲ. ಕರೆಯ ಹೊತ್ತನ್ನು ಆರಿಸುವ ಸ್ವಾತಂತ್ರ್ಯ ಯಾರಿಗಿಲ್ಲವೋ ಅವರಿಗೆ ಅದು ಹೆಚ್ಚು ಎಂದು ಹೇಳುವುದು ಯುಕ್ತವಾದೀತು.

೭. ಕಾನೂನಿನ ನಡೆ

ಕಾನೂನು ಈ ಸೂಕ್ಷ್ಮಗಳೊಳಗೆ ಪ್ರವೇಶಿಸಲಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಮೊದಲನೆಯದಾಗಿ ನ್ಯೂಯಾರ್ಕ್ ೨೦೦೧ರಲ್ಲಿ ಕೈಯಲ್ಲಿ ಹಿಡಿದ ಫೋನನ್ನು ನಿಷೇಧಿಸಿ, ಹ್ಯಾಂಡ್ಸ್‌ಫ್ರೀಗೆ ಅವಕಾಶವಿತ್ತಿತು. ಬ್ರಿಟನ್ ೨೦೦೩ರ ಡಿಸೆಂಬರ್ ೧ರಿಂದ ಹೀಗೆಯೇ ಮಾಡಿತು. ಆ ನಿಯಮದ ಶಬ್ದಗಳು ಸಂವಹನವನ್ನು ಮಾತ್ರ ಹೇಳುತ್ತಿದ್ದುದರಿಂದ, ಕೈಯಲ್ಲಿ ಹಿಡಿದ ಫೋನಿನಿಂದ ಚಲಚ್ಚಿತ್ರ ತೆಗೆಯುವುದು ಅದರೊಳಗೆ ಬರುವುದಿಲ್ಲವೆಂದು ೨೦೧೯ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ೨೦೨೨ರ ಮಾರ್ಚಿಯಲ್ಲಿ ಆ ಸಂದನ್ನು ಮುಚ್ಚಲಾಯಿತು. ಹ್ಯಾಂಡ್ಸ್‌ಫ್ರೀಯನ್ನೂ ನಿಷೇಧಿಸುವ ವಿಚಾರವನ್ನು ಪರಿಶೀಲಿಸಬೇಕೆಂದು ಸಂಸತ್ತಿನ ಸಾರಿಗೆ ಸಮಿತಿ ೨೦೧೯ರಲ್ಲಿ ಸಲಹೆಯಿತ್ತಿದ್ದರೂ ಅಂತಹ ನಿಷೇಧ ಜಾರಿಗೆ ಬರಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ೨೦೧೧ರಲ್ಲಿಯೇ, ಚಾಲನೆಗೆ ನೆರವಾಗುವ ಸಾಧನಗಳ ಹೊರತು ಉಳಿದವನ್ನು ತುರ್ತು ಸಂದರ್ಭವಲ್ಲದೆ ಯಾರೂ ಬಳಸಬಾರದೆಂದು ಎಲ್ಲ ರಾಜ್ಯಗಳಿಗೂ ಶಿಫಾರಸು ಮಾಡಿತ್ತು. ಅದೂ ಶಿಫಾರಸಾಗಿಯೇ ಉಳಿಯಿತು.

ಭಾರತದ ಮೋಟಾರು ವಾಹನಗಳ ಅಧಿನಿಯಮ ೧೯೮೮ರದು. ನಮ್ಮಲ್ಲಿ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ಹೋದುದು ೧೯೯೫ರ ಜುಲೈ ೩೧ರಂದು. ಆದುದರಿಂದ ಮೂಲ ಅಧಿನಿಯಮದಲ್ಲಿ ಈ ವಿಷಯವಿಲ್ಲದಿರುವುದು ಸಹಜ. ೨೦೧೯ರ ತಿದ್ದುಪಡಿಯು ಅಪಾಯಕರ ಚಾಲನೆಯನ್ನು ಕುರಿತ ೧೮೪ನೆಯ ಪ್ರಕರಣದಲ್ಲಿ ‘ಕೈಯಲ್ಲಿ ಹಿಡಿಯುವ ಸಂವಹನ ಸಾಧನ’ವನ್ನು ಸೇರಿಸಿತು. ಇಲ್ಲಿಯೂ ಕೈಯೇ ಪ್ರಮಾಣ. ಆದರೆ ೨೦೨೦ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಕೇಂದ್ರ ನಿಯಮವೊಂದು, ಅಂತಹ ಸಾಧನವನ್ನು ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ಬಳಸಬಹುದೆಂದು ಹೇಳುತ್ತದೆ. ನಮ್ಮ ದೃಷ್ಟಿಯಲ್ಲಿ ಈ ವಾಕ್ಯ ಮಹತ್ತ್ವದ್ದು. ಕೈಯನ್ನು ಕುರಿತ ಕಾನೂನಿನೊಳಗೆ ಇಲ್ಲಿ ಮನಸ್ಸಿನ ಮಾತು ಕಾಲಿರಿಸಿದೆ. ಏಕಾಗ್ರತೆಯನ್ನು ಅಳೆಯುವ ಬಗೆ ಹೇಗೆಂಬುದನ್ನು ಮಾತ್ರ ಆ ವಾಕ್ಯ ತಿಳಿಸುವುದಿಲ್ಲ.

೮. ಕರ್ನಾಟಕದ ರಸ್ತೆಗಳಲ್ಲಿ

ಮೇಲ್ಕಂಡ ಚರಿತ್ರೆ ಬಹುಮಟ್ಟಿಗೆ ಕಾರಿನ ಚರಿತ್ರೆ. ಭಾರತದಲ್ಲಿ ನೋಂದಾಯಿತವಾದ ವಾಹನಗಳಲ್ಲಿ ಮುಕ್ಕಾಲು ಭಾಗದಷ್ಟು ದ್ವಿಚಕ್ರ ವಾಹನಗಳು. ಹೆಲ್ಮೆಟ್ಟಿನೊಳಗೆ ಕೆನ್ನೆಗೆ ಒತ್ತಿ ಫೋನನ್ನು ಸಿಕ್ಕಿಸಿಕೊಂಡು ಮಾತನಾಡುತ್ತ ಹೋಗುವ ಸವಾರನು ನಮ್ಮ ಪಟ್ಟಣಗಳಲ್ಲಿ ಅಪರೂಪವಲ್ಲ. ಅವನ ಎರಡು ಕೈಗಳೂ ಹ್ಯಾಂಡಲಿನ ಮೇಲಿವೆ. ಕೈಯನ್ನೇ ಪ್ರಮಾಣವಾಗಿ ಹಿಡಿದರೆ ಅವನಲ್ಲಿ ದೋಷವನ್ನು ಹುಡುಕುವುದು ಕಷ್ಟ.

ಬೆಂಗಳೂರು ಈ ಚರಿತ್ರೆಯಲ್ಲಿ ಎರಡು ವಿಧದಿಂದ ಸೇರುತ್ತದೆ. ಭಾರತದ ಸ್ವಂತ ಸ್ಥಾನನಿರ್ಣಯ ವ್ಯವಸ್ಥೆಯಾದ ‘ನಾವಿಕ್’ ರೂಪುಗೊಂಡುದು ಇಲ್ಲಿ ಕೇಂದ್ರ ಕಚೇರಿಯುಳ್ಳ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯಿಂದ. ಅದರ ಸಂಚಾರ ನಿರ್ದೇಶನ ಕೇಂದ್ರ ನಗರದ ಹೊರವಲಯದ ಬ್ಯಾಲಾಳುವಿನಲ್ಲಿ ೨೦೧೩ರ ಮೇ ತಿಂಗಳಿನಲ್ಲಿ ಆರಂಭವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಊಬರ್ ಸಂಸ್ಥೆ ಭಾರತದಲ್ಲಿ ತನ್ನ ಸೇವೆಯನ್ನು ಈ ನಗರದಿಂದಲೇ ಪ್ರಾರಂಭಿಸಿತು. ಆಮೇಲೆ ಟ್ಯಾಕ್ಸಿ, ಆಟೋ, ಊಟವನ್ನು ಮನೆಗೆ ತಲುಪಿಸುವ ಸ್ಕೂಟರು, ಇವೆಲ್ಲದರ ಮುಂದೆಯೂ ಫೋನು ಬಂದು ಕುಳಿತಿತು. ಈ ಚಾಲಕರಿಗೆ ಫೋನು ಕೆಲಸದ ಮಧ್ಯೆ ಬರುವ ಅಡ್ಡಿಯಲ್ಲ. ಬಾಡಿಗೆ ಬರುವುದು ಅದರಿಂದ, ದಾರಿ ತಿಳಿಯುವುದು ಅದರಿಂದ, ಹಣ ಸೇರುವುದೂ ಅದರಿಂದ. ಎಲ್ಲಿದ್ದೀರಿ, ಎಷ್ಟು ಹೊತ್ತಾಗುತ್ತದೆ ಎಂದು ಗಿರಾಕಿ ಕೇಳುವುದೂ ಅದರಿಂದಲೇ. ಕರೆಯ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದವನಿಗೆ ಅಪಾಯ ಹೆಚ್ಚೆಂದು ಮೇಲೆ ಹೇಳಿದೆವು. ಆ ಮಾತು ಅನ್ವಯಿಸುವುದು ಮುಖ್ಯವಾಗಿ ಇವರಿಗೆ. ದಂಡದ ಚೀಟಿ ಬರುವುದು ಇವರ ಹೆಸರಿಗೆ. ಆಟೋವಿನ ಹಿಂದೆ ಕುಳಿತವನ, ಎದುರು ರಸ್ತೆ ದಾಟುವವನ ಪ್ರಾಣವೂ ಇದರಲ್ಲಿ ಸೇರಿದೆ.

ದಾರಿ ಹೇಳುವ ರೀತಿಯನ್ನೂ ಗಮನಿಸಬೇಕು. ಈ ಯಂತ್ರಗಳು ಈಗ ಕನ್ನಡದಲ್ಲಿಯೂ ಮಾತನಾಡುತ್ತವೆ. ಆದರೆ ‘ಇನ್ನೂರು ಮೀಟರುಗಳ ನಂತರ ಎಡಕ್ಕೆ’ ಎಂಬ ಸೂಚನೆಗೂ, ‘ಅರಳಿಕಟ್ಟೆ ದಾಟಿ ಎಡಕ್ಕೆ’ ಎಂದು ನಮ್ಮ ಜನ ಹೇಳುವುದಕ್ಕೂ ಅಂತರವಿದೆ. ಮೊದಲನೆಯದನ್ನು ಅರಿಯಲು ಚಾಲಕನು ಮತ್ತೆ ತೆರೆಯ ಕಡೆಗೆ ತಿರುಗಬೇಕು. ಎರಡನೆಯದಕ್ಕೆ ರಸ್ತೆಯನ್ನೇ ನೋಡಬೇಕು. ಇಂಗ್ಲೆಂಡಿನಲ್ಲಿ ಗ್ಯಾರಿ ಬರ್ನೆಟ್ ಎಂಬ ಸಂಶೋಧಕನು ೧೯೯೮ರ ತನ್ನ ಪ್ರೌಢಪ್ರಬಂಧದಲ್ಲಿ, ದಾರಿಬದಿಯ ಗುರುತುಗಳನ್ನು ಹೇಳಬೇಕೆಂಬುದನ್ನೇ ಪ್ರತಿಪಾದಿಸಿದ್ದಾನೆ. ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ದಾರಿ ಕೇಳುತ್ತಿದ್ದ ಪದ್ಧತಿಯಲ್ಲಿ ಇನ್ನೊಂದು ಗುಣವೂ ಇತ್ತು: ಕೇಳುವಾಗ ಗಾಡಿ ನಿಂತಿರುತ್ತಿತ್ತು.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ವಿದಿತವಾಗುತ್ತವೆ. ಹ್ಯಾಂಡ್ಸ್‌ಫ್ರೀ ಸುರಕ್ಷಿತವೆಂಬ ನಂಬಿಕೆ ಕಾರು ದೂರವಾಣಿಯ ವಾಣಿಜ್ಯ ಸನ್ನಿವೇಶದಿಂದ ಹುಟ್ಟಿತು. ೧೯೬೯ರ ಪ್ರಯೋಗ ಅದನ್ನು ಅಲುಗಿಸಿತು. ಅನಂತರದ ಸಾಕ್ಷ್ಯಗಳಲ್ಲಿ ಕೆಲವು ಪ್ರತಿಕೂಲವಾಗಿದ್ದರೂ ಅದನ್ನು ಪೂರ್ಣವಾಗಿ ಸ್ಥಾಪಿಸುವಂಥದು ಒಂದೂ ಇಲ್ಲ. ಕಾನೂನು ಕೈಯನ್ನು ಪ್ರಮಾಣವಾಗಿ ಹಿಡಿದುದು ಅಜ್ಞಾನದಿಂದಲ್ಲ, ಜಾರಿಯ ಸೌಕರ್ಯದಿಂದ. ಇದನ್ನು ದೋಷವೆನ್ನುವುದಕ್ಕಿಂತ ಮಿತಿಯೆನ್ನುವುದು ಸರಿ. ಕಣ್ಣಿಗೆ ಕಾಣದ ಅಪರಾಧವನ್ನು ದಂಡಿಸಹೊರಟರೆ ಅನ್ಯಾಯಕ್ಕೆ ಎಡೆಯಾಗುತ್ತದೆ. ಆದರೆ ಕಾನೂನು ಬಿಟ್ಟುದೆಲ್ಲವೂ ನಿರಪಾಯವೆಂದು ಜನರು ತಿಳಿದುಕೊಂಡರೆ, ಆ ಮಿತಿಯೇ ಅಪಾಯದ ಮೂಲವಾಗುತ್ತದೆ.

ಕಾನೂನು ಮುಟ್ಟಲಾರದ ಈ ಭಾಗವನ್ನು ಇತರರು ಹೊರಬೇಕಾಗಿದೆ. ಚಾಲಕನು ಹೊರಡುವ ಮುಂಚೆಯೇ ದಾರಿಯನ್ನು ಗೊತ್ತುಮಾಡಿಕೊಂಡು, ಕರೆ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಬೇಕು. ಅವನನ್ನು ದುಡಿಸಿಕೊಳ್ಳುವ ಸಂಸ್ಥೆಗಳು ಗಾಡಿ ಓಡುತ್ತಿರುವಾಗ ಉತ್ತರವನ್ನು ಅಪೇಕ್ಷಿಸದಂತೆ ತಮ್ಮ ವ್ಯವಸ್ಥೆಯನ್ನು ರೂಪಿಸಬೇಕು. ಇವರಿಬ್ಬರಿಗಿಂತ ಸುಲಭವಾದ ಕರ್ತವ್ಯ ಕರೆ ಮಾಡುವವನದು. ರಸ್ತೆಯನ್ನು ಕಾಣದ ಅವನು ತನಗೆ ತಿಳಿಯದೆಯೇ ಅಪ್ರಸ್ತುತ ಪ್ರಸಂಗಿಯ ಸ್ಥಾನದಲ್ಲಿ ಕುಳಿತಿರುತ್ತಾನೆ. ಅವಧಾನದ ಸಭೆಯಲ್ಲಿ ಅವಧಾನಿ ಒಂದು ಕ್ಷಣ ತಡೆದು ಉತ್ತರಿಸಬಹುದು, ಸಭೆ ಕಾಯುತ್ತದೆ. ರಸ್ತೆ ಕಾಯುವುದಿಲ್ಲ. ‘ಗಾಡಿ ಓಡಿಸುತ್ತಿದ್ದೀರಾ?’ ಎಂದು ಮೊದಲು ವಿಚಾರಿಸಿ, ಹೌದೆಂದರೆ ಮಾತನ್ನು ಅಲ್ಲಿಗೇ ನಿಲ್ಲಿಸುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.